ಮಣಿ ಡಬ್ಬಿ

ಆ ತಿಂಗಳು ನಮ್ಮ ಲ್ಯಾಬಿಗೆ ಬಂದದ್ದೆಲ್ಲ ಮೂಗಿನಿಂದ.
ಅವತ್ತು ಮಾತ್ರ ಒಂದು ಪುಟ್ಟ ಡಬ್ಬಿ,
ಕುದಿಸಿ ತೊಳೆದದ್ದು,
ಹೊಳೆಹೊನ್ನೂರಿನಿಂದ ಸೆರಗಿನ ಗಂಟಿನಲ್ಲಿ.

ಶಿವಮೊಗ್ಗದ ಗಡಿಯಲ್ಲಿ ಪೊಲೀಸರು
ಏನಮ್ಮಾ ಅದು, ಎಂದರಂತೆ.
ಮಗಳ ಉಚ್ಚೆ ಸಾರ್.
ಲಾಠಿ ಎರಡು ಹೆಜ್ಜೆ ಹಿಂದೆ ಸರಿಯಿತಂತೆ.
ಹೇಳುವಾಗ ಹಾಲಮ್ಮನ ಮಾಸ್ಕು ಅಲುಗಿತು,
ನಗುವೋ ಏನೋ.

ಐದು ದಿನದ ಜ್ವರ.
ಎರಡು ಸಲ ಮೂಗಿಗೆ ಕಡ್ಡಿ, ಎರಡೂ ಸಲ ನೆಗೆಟಿವ್.
ಆದರೂ ಬೀದಿ ನಲ್ಲಿಗೆ ಇವರ ಕೊಡ ಬೇಡ.
ಉರಿಯುತ್ತೇನೇ ಪುಟ್ಟೀ, ಕೂತಾಗ?
ಕೇಳಿದ್ದು ಎದುರುಮನೆಯ ಬೀಡಿ ಕಟ್ಟುವ ಖೈರುನ್ನಜ್ಜಿ ಒಬ್ಬಳೇ,
ಕಿಟಕಿಯಿಂದ.

ಮಾರನೆಯ ಬೆಳಗ್ಗೆ ತಟ್ಟೆಯಲ್ಲಿ
ಗುಲಾಬಿ ಚುಕ್ಕಿಗಳು ಎದ್ದಿದ್ದವು.
ಫೋನು ಮಾಡಿದೆ:
ಉಚ್ಚೆಯ ಸೋಂಕಮ್ಮ, ಮಾತ್ರೆ ಇದೆ, ನೀರು ಕುಡಿಸಿ.
ಆ ಕಡೆ ಮಾತಿಲ್ಲ.
ಆಮೇಲೆ ಇನ್ನೊಂದು ದನಿ, ಸಣ್ಣದು:
ಅಂಕಲ್, ನನ್ನ ಮಣಿ ಡಬ್ಬಿ ವಾಪಸ್ ಕೊಡ್ತೀರಾ?