ಬರೆಯದಿದ್ದದ್ದು

ಕೆಲಸಕ್ಕೆ ಸೇರಿದ ದಿನ ನುಸ್ರತ್ ಮೇಡಂ ಹೇಳಿದ್ದರು:
'ಫೈಲಿನಾಗ ಬರದಿಲ್ಲಂದ್ರ ಅದು ಆಗಿಲ್ಲ.
ನಿನಗ ಗೊತ್ತದ ಅಂತ ಕೋಡ್ ಹಾಕಬ್ಯಾಡ.
ಗೊತ್ತಿರೋದು ನಿನ್ನ ಕೆಲಸ ಅಲ್ಲ.'

ಕಲಬುರಗಿಯ ಆಸ್ಪತ್ರೆಯೊಂದರ ನೆಲಮಾಳಿಗೆ.
ಮೇ ತಿಂಗಳಲ್ಲಿ ಚಪ್ಪಲಿ ಬಿಟ್ಟೇ ಕೂರುತ್ತೇನೆ,
ಶಹಾಬಾದ ಕಲ್ಲಿನ ನೆಲ ಅಂಗಾಲಿಗೆ ತಂಪು.

ಇವತ್ತಿನ ಹದಿನೇಳನೆಯ ಫೈಲು.
ಸಾಯಬಣ್ಣ, ನಲವತ್ತಾರು, ಊರು ಭಂಕೂರ.
ಆರು ದಿನ ಆಕ್ಸಿಜನ್, ಎರಡು ಎಕ್ಸ್‌ರೇ.
ಕೊನೆಯ ಹಾಳೆಯಲ್ಲಿ ಡಾಕ್ಟರ್ ಕೊಹಿನೂರರ ಅವಸರದ ಕೈ:
ಬ್ರಾಂಕೈಟಿಸ್.
ಜೆ ನಲವತ್ತು. ಒಂದು ಗುಂಡಿ ಒತ್ತಿದರೆ
ಕ್ಲೇಮು ಹೋಗುತ್ತದೆ, ದುಡ್ಡು ಬರುತ್ತದೆ,
ಯಾರೂ ಯಾರನ್ನೂ ಏನೂ ಕೇಳುವುದಿಲ್ಲ.

ಆದರೆ ನರ್ಸಿನ ಹಾಳೆಯ ಮೂಲೆಯಲ್ಲಿ, ಬೇರೆ ಶಾಯಿಯಲ್ಲಿ,
'ಕಲ್ಲು ಪಾಲಿಶ್ ಮಷೀನ್, ಇಪ್ಪತ್ತೆರಡು ವರ್ಷ.'
ಎಕ್ಸ್‌ರೇ ವರದಿಯಲ್ಲಿ ಒಂದೇ ಸಾಲು:
ಎರಡೂ ಕಡೆ, ಮೇಲ್ಭಾಗದಲ್ಲಿ, ಸಣ್ಣ ಸಣ್ಣ ಗಂಟು.

ಆ ಗಂಟಿನ ಸದ್ದು ನನಗೆ ಗೊತ್ತು.
ನಮ್ಮಪ್ಪ ಸಂಜೆ ಬಂದರೆ ರೆಪ್ಪೆಯ ಮೇಲೂ ಬೂದುಬಣ್ಣ.
ಅವ್ವ ಅಂಗಿ ಜಾಡಿಸುವಾಗ
ನಾವು ಮಕ್ಕಳು ಮೂಗು ಮುಚ್ಚಿ ನಗುತ್ತಿದ್ದೆವು.
ಅವನ ಚೀಟಿಯಲ್ಲೂ ಕೊನೆತನಕ ಬರೀ ದಮ್ಮು ಅಂತಲೇ ಇತ್ತು.

ಜೆ ಅರವತ್ತೆರಡು ಬಿದ್ದರೆ
ಕಾಗದ ಬೇರೆ ದಾರಿ ಹಿಡಿಯುತ್ತದೆ,
ಪಾಲಿಶ್ ಶೆಡ್ಡಿನ ಬಾಗಿಲು ಬಡಿಯುತ್ತದೆ.
ಬೆರಳಿಗೂ ಆ ಅಂಕಿಗೂ ನಡುವೆ ಒಂದು ಗೇಣು.
ಹಾಕುವಂತಿಲ್ಲ. ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು ಅಷ್ಟೆ,
ಅದೂ ಉತ್ತರದಿಂದ ಉಡಿ ತುಂಬಿ ಕಳಿಸಬಾರದು.

'ಸರ್, ಇದು ದೂಳಿನ ರೋಗ ಅಲ್ಲವೇ?'
ಅಳಿಸಿದೆ.
'ಸರ್, ನಮ್ಮಪ್ಪನಿಗೂ ಹೀಗೇ'
ಅದನ್ನು ಇನ್ನೂ ಬೇಗ ಅಳಿಸಿದೆ.
'ಸರ್, ನರ್ಸ್ ಟಿಪ್ಪಣಿ, ಎಕ್ಸ್‌ರೇ ವರದಿ ಲಗತ್ತಿಸಿದೆ.
ರೋಗ ಯಾವುದೆಂದು ದಯವಿಟ್ಟು ಸ್ಪಷ್ಟಪಡಿಸಿ.'
ಹನ್ನೊಂದೇ ಶಬ್ದ. ಯಾವ ಶಬ್ದಕ್ಕೂ ಕೆಮ್ಮಿಲ್ಲ.

ಮೊದಲ ದಿನ ಉತ್ತರವಿಲ್ಲ.
ಎರಡನೇ ದಿನ ಮ್ಯಾನೇಜರ್ ಗುರುಲಿಂಗ ಬಂದು
'ಒಂದು ಫೈಲಿಗಿ ಎಷ್ಟ್ ಜಗ್ಗಾಡ್ತಿ, ಗಡುವು ಮುಗಿತದ' ಎಂದ.
ಮೂರನೇ ದಿನ ಕೊಹಿನೂರ ಸಾಹೇಬರು
ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ,
ನನ್ನ ಮುಖ ನೋಡದೆ, 'ನೋಡತೀನಿ' ಎಂದರು.

ಮಧ್ಯಾಹ್ನ ಕಿಟಕಿಯಾಚೆ ಒಬ್ಬ ಹೆಂಗಸು,
ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಕಾರ್ಡು.
ಸಾಯಬಣ್ಣನ ಹೆಂಡತಿ.
'ನಮ್ಮನಿಯವರಿಗಿ ಏನಾಗ್ಯಾದಂತ ಬರದಾರ್ರೀ ಬಾಯಿ?'

'ಇನ್ನೂ ಬರದಿಲ್ಲ' ಎಂದೆ.

ಅವಳ ಮುಖ ಒಮ್ಮೆಲೆ ಹಗುರಾಯಿತು.
'ಹಂಗಾದ್ರ ಏನೂ ಆಗಿಲ್ಲೇನ್ರಿ?'

ಮೇಜಿನ ಕೆಳಗೆ, ಕಲ್ಲಿನ ಮೇಲೆ,
ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದೆ.