ಎರಡು, ಎರಡು, ಒಂದು

ಹದಿನಾಲ್ಕು ವರ್ಷ ನಾನು ಎಫ್ ಅನ್ನು ಏಡಿ ಎಂದೇ ಕರೆದೆ.
ತೋರುಬೆರಳು ಆರೂ ತಂತಿಗೆ ಅಡ್ಡ ಮಲಗಿ
ಉಳಿದ ಮೂರು ಇಕ್ಕಳವಾಗಿ ಕಚ್ಚುವುದಕ್ಕೆ
ಬೇರೆ ಏನೆನ್ನಲಿ?
ಡಿ ನನಗೆ ಗಾಳ. ಜಿ, ಬಲೆ ಎಳೆಯುವವನ ನಿಲುವು.
ಎ ಮೈನರ್ ಅಂದರೆ ಆಯಿಯ ತಲೆನೋವು.
ಯಾಕೆ ಅಂತ ಕೇಳಬೇಡಿ. ಆಷಾಢದಲ್ಲಿ
ಬೋಟುಗಳೆಲ್ಲ ದಡಕ್ಕೆ ಬಿದ್ದಾಗ,
ಅವಳು ಮಲಗಿದ ಕೋಣೆಯ ಹೊರಗೆ, ಮೆಲ್ಲಗೆ ಕಲಿತದ್ದು.

ಬೈತಖೋಲದಲ್ಲಿ ಟ್ರಾಲರಿನ ಇಂಜಿನ್ ಬಿಚ್ಚುವುದು ನನ್ನ ಕಸುಬು.
ಉಗುರಿನ ಸಂದಿಗೆ ಗ್ರೀಸು, ಬೆರಳ ತುದಿಗೆ ಜಡ್ಡು.
ಮದುವೆ, ರೋಸ್, ಗಣಪತಿ ಮಂಟಪ, ಯಾರು ಕರೆದರೂ ಹೋಗಿ
ಕಿವಿ ಹೇಳಿದಲ್ಲಿ ಕೈ ಇಟ್ಟೆ.
ಸುಂಕೇರಿಯ ಮದುವೆಯೊಂದರಲ್ಲಿ ಹಾಡುವ ಹುಡುಗಿ
'ಒಂದು ಮನೆ ಮೇಲೆ ತಗೊಳ್ಳಿ, ನಂಗೆ ಕೆಳಗಾಯ್ತು' ಅಂದಾಗ
ಏಡಿ, ಗಾಳ, ಬಲೆ
ಎಲ್ಲ ಒಟ್ಟಿಗೆ ನೀರಿಗೆ ಹಾರಿಕೊಂಡವು.
ತಂತಿ ಬಿಗಿಯುವ ನೆಪದಲ್ಲಿ
ಬಗ್ಗಿಯೇ ಇದ್ದೆ, ಊಟಕ್ಕೆ ಎಲೆ ಹಾಕುವವರೆಗೆ.

ಹಾಗೆ ಹೋದದ್ದು ಕಾಜುಬಾಗಕ್ಕೆ, ಕಾರ್ಮೆಲಿನ್ ಬಾಯಿಯ ಮನೆಗೆ.
ಮೂವತ್ತು ವರ್ಷ ಇಗರ್ಜಿಯಲ್ಲಿ ಆರ್ಗನ್ ನುಡಿಸಿದವಳು.
ಈಗ ಗಂಟು ಊದಿ ಬೆರಳೆಲ್ಲ ಶುಂಠಿ.
ನುಡಿಸುವುದಿಲ್ಲ. ನಾನು ತಂದ ಹರಾಜು ಚೀಟಿಯ ಬೆನ್ನಿಗೆ
ಪೆನ್ಸಿಲಿನಲ್ಲಿ ಗೆರೆ ಎಳೆದು ಹೇಳುತ್ತಾಳೆ:
'ಎರಡು, ಎರಡು, ಒಂದು. ಎರಡು, ಎರಡು, ಎರಡು, ಒಂದು.
ಮೇಜರ್ ಅಂದರೆ ಇಷ್ಟೇ. ಎಲ್ಲಿಂದ ಹೊರಟರೂ ಇಷ್ಟೇ.'

ಇಷ್ಟೇ!
ಹನ್ನೆರಡು ಊರು ಅಂದುಕೊಂಡು ಅಲೆದದ್ದು
ಒಂದೇ ಊರಿನ ಹನ್ನೆರಡು ದಣಪೆ.

ಆದರೂ ಜಗಳ ತೆಗೆದೆ. ಮೂರಕ್ಕೂ ನಾಲ್ಕಕ್ಕೂ ನಡುವೆ
ಯಾಕೆ ಖಾಲಿ ಮನೆ ಇಲ್ಲ? ಏಳರಿಂದ ಎಂಟಕ್ಕೆ
ಯಾಕೆ ಅರ್ಧ ಹೆಜ್ಜೆ?
ಬೋಲ್ಟಿನ ಥ್ರೆಡ್ಡು ಹೀಗಿದ್ದರೆ ನಟ್ಟು ಒಳಗೆ ಹೋದೀತೇ?
'ಬೋಲ್ಟಿಗೆ ಮನೆ ಸೇರುವ ಚಿಂತೆ ಇಲ್ಲ' ಅಂದಳು.
ಹಾಲು ಉಕ್ಕುತ್ತಿತ್ತು, ಎದ್ದು ಹೋದಳು.

ಮೊನ್ನೆ ರಾತ್ರಿ ಗಿಯರ್‌ಬಾಕ್ಸ್ ನೋಡಲು
ತಾಂಡೇಲನ ಜೊತೆ ದೇವಗಡದಾಚೆ ಹೋಗಿದ್ದೆ.
ಚಂದ್ರ ಇರಲಿಲ್ಲ. ದಡ ಯಾವುದು, ಮೋಡ ಯಾವುದು
ಒಂದೂ ತಿಳಿಯದ ಹೊತ್ತು.
ದೀಪಸ್ತಂಭ ಮಿನುಗಿತು, ನಿಂತಿತು, ಮತ್ತೆ ಮಿನುಗಿತು.
ಎಣಿಸಿದೆ. ಸಮ ಇರಲಿಲ್ಲ.
'ಸಮ ಇದ್ರೆ ಯಾವ ದೀಪ ಅಂತ ಹೆಂಗೆ ತಿಳೀತದೆ ಮಾರಾಯ?'
ತಾಂಡೇಲ ಬೀಡಿ ಕಚ್ಚಿಕೊಂಡೇ ಅಂದ,
ಚುಕ್ಕಾಣಿ ಒಂದಿಷ್ಟು ಎಡಕ್ಕೆ ತಿರುಗಿಸಿದ.
ಅಂಗಿಯ ಜೇಬಿನೊಳಗೆ ನನ್ನ ಬೆರಳು
ಎರಡು, ಎರಡು,

ಮನೆಗೆಲಸ ಕೊಟ್ಟಿದ್ದಾಳೆ: ಸಿ ಇಂದ ಹೊರಟು
ಒಂದು ಬಿಟ್ಟು ಒಂದು ಹೆಕ್ಕಿ, ಮೂರು ಮೂರು ಸ್ವರ ಪೇರಿಸು.
ಬರೆಯುತ್ತ ಹೋದಂತೆ ಹಳಬರು ಒಬ್ಬೊಬ್ಬರೇ ಬಂದರು.
ಏಡಿ ಬಂತು. ಬಲೆ ಬಂತು. ಆಯಿಯ ತಲೆನೋವು,
ಆಯಿ ಹೋಗಿ ಐದು ವರ್ಷವಾದರೂ, ಬಂತು.
ಗಾಳ ಮಾತ್ರ ಒಂಚೂರು ಬಾಗಿತ್ತು; ಅದೂ ಸರಿಯಂತೆ.
ಏಳನೆಯದು ಬಿ, ಡಿ, ಎಫ್.
ಈ ಮೂವರನ್ನೇ ಬೇರೆ ಕೂರಿಸಿ ನನ್ನ ಕೈ
ಯಾವತ್ತೂ ಮಾತಾಡಿಸಿರಲಿಲ್ಲ. ಕಿವಿ ಇದನ್ನು ಹೇಳಿಯೇ ಇರಲಿಲ್ಲ.
ಚೀಟಿ ಹೇಳಿತು; ಆಚೆ ಬದಿಗೆ
ಬಂಗುಡೆ, ಹದಿನೆಂಟು ಬುಟ್ಟಿ.

ಒಂದೊಂದೇ ಬೆರಳು ಇಟ್ಟೆ. ಮೀಟಿದೆ.
ಒಂದೇ ಹಗ್ಗಕ್ಕೆ ಕಟ್ಟಿದ ದೋಣಿ
ಧಕ್ಕೆಗೆ ಬಡಿದು, ತಿರುಗಿ, ಮತ್ತೆ ಬಡಿಯುವ ಸದ್ದು.
ಇದಕ್ಕೆ ಪುಸ್ತಕದ ಹೆಸರಿದೆ, ಉದ್ದದ್ದು, ಬಾಯಿ ಹೇಳಿದ್ದಾಳೆ.
ನನ್ನದನ್ನು ನಾನಿನ್ನೂ ಇಟ್ಟಿಲ್ಲ.
ನಾಳೆ ಬುಧವಾರ.
ಅವಳಿಗೆಂದು ನಾಲ್ಕು ನಗಲಿ ಮಂಜುಗಡ್ಡೆಯಲ್ಲಿ ತೆಗೆದಿಟ್ಟಿದ್ದೇನೆ,
ಮುಳ್ಳು ಕಡಿಮೆ,
ಆ ಬೆರಳಿಗೆ ಬಿಡಿಸಲು ಸುಲಭ.