ಹತ್ತೊಂಬತ್ತನೆಯ ಪ್ರಶ್ನೆ

ಮೊದಲ ಪ್ರಶ್ನೆ ಸುಲಭ:
ರೆಕ್ಕೆಯ ಮೇಲೆ ಕಲೆ ಇದೆಯೇ?
ಇದ್ದರೆ ಏಳಕ್ಕೆ ಹೋಗು, ಇಲ್ಲದಿದ್ದರೆ ಎರಡಕ್ಕೆ.
ಎರಡಕ್ಕೆ ಹೋದೆ.
ಗಂಡಿನ ಮುಂಗಾಲಲ್ಲಿ ಬಾಚಣಿಗೆ ಇದೆಯೇ,
ಇದ್ದರೆ ಹಲ್ಲೆಷ್ಟು?
ಮಸೂರದಡಿ ಉಸಿರು ಬಿಗಿಹಿಡಿದು ಎಣಿಸಿದೆ.
ಎಳ್ಳಿಗಿಂತ ತುಸು ದೊಡ್ಡ ಜೀವ, ಅದರ ಕಾಲಿಗೆ
ಯಾರು ತೊಡಿಸಿದರೋ, ಒಂಬತ್ತು.
ಮತ್ತೊಮ್ಮೆ ಎಣಿಸಿದರೆ ಹತ್ತು.

ಹೀಗೆ ಹೌದು, ಇಲ್ಲಗಳ ಮೆಟ್ಟಿಲಿಳಿಯುತ್ತ
ಹತ್ತೊಂಬತ್ತರಲ್ಲಿ ನಿಂತುಬಿಟ್ಟೆ.
ಹೊಟ್ಟೆಯ ಕೊನೆಯ ಪಟ್ಟಿ
ನಡುವೆ ತುಂಡಾಗಿದೆಯೇ, ಇಡಿಯಾಗಿದೆಯೇ?
ಒಂದರಲ್ಲಿ ತುಂಡು, ಇನ್ನೊಂದರಲ್ಲಿ ಇಡಿ,
ಮೂರನೆಯದು ಸ್ಪಿರಿಟ್ಟಿಗೆ ಬಣ್ಣವೆಲ್ಲ ಬಿಟ್ಟುಕೊಟ್ಟು
ಯಾವ ಕಡೆಗೂ ಸಾಕ್ಷಿ ಹೇಳಲೊಲ್ಲದು.

ನಿಟ್ಟೂರಿನಾಚೆ ಮರಮರಕ್ಕೆ ಕಟ್ಟಿದ್ದೆ
ಹನ್ನೆರಡು ಬಾಟಲಿ,
ಕಿವುಚಿದ ಬಾಳೆಹಣ್ಣು, ಚಿಟಿಕೆ ಯೀಸ್ಟು.
ಮೂರು ವಾರ ಬಿದ್ದದ್ದೆಲ್ಲ
ಹೊಸನಗರದ ಹಣ್ಣಿನಂಗಡಿಯಲ್ಲೂ ಸಿಗುವಂಥವು.
ಈ ಮೂರು ಸಿಕ್ಕದ್ದು ಬಾಟಲಿಯಲ್ಲಲ್ಲ,
ಕೆರಿಯಮ್ಮ ಕೊಟ್ಟ ಕಾಫಿ ಲೋಟದ ಅಂಚಿನಲ್ಲಿ.

ಮತ್ತೆ ಹೋದೆ.
ಉಪ್ಪಾಗೆ ಒಣಗಿಸುವ ಒಲೆಯ ಹಿಂದೆ
ಬೀಜ ತಿರುಳು ಸುರಿದ ರಾಶಿ,
ಮೂಗಿಗೆ ಅರ್ಧ ಹೊಗೆ, ಅರ್ಧ ಹುಳಿ.
"ಬಾಳೆಗುಂಗುರು ಬ್ಯಾರೆ, ಹಲಸಿಂದು ಬ್ಯಾರೆ.
ಇದು ಹುಳಿಗುಂಗುರು.
ಕೈ ಬೀಸಿ ನೋಡಿ, ಅವೆಲ್ಲ ಹಾರ್ತವೆ.
ಇದು ನಡೀತದೆ. ಅಡ್ಡಡ್ಡ, ಏಡಿ ಹಂಗೆ."

ಬೀಸಿದೆ.
ನಡೆಯಿತು ಅಡ್ಡಡ್ಡ, ಸಿಪ್ಪೆಯ ಏಣಿನ ಮೇಲೆ,
ರೆಕ್ಕೆ ಇರುವುದೇ ಮರೆತಂತೆ.
ನನ್ನ ಪುಸ್ತಕದ ಅರವತ್ತು ಪ್ರಶ್ನೆಗಳಲ್ಲಿ
ನಡಿಗೆಯದು ಒಂದೂ ಇಲ್ಲ.
ಬರೆದವರ ಮೇಜಿಗೂ, ನನ್ನ ಮೇಜಿನ ಹಾಗೆ,
ಎಲ್ಲ ಸತ್ತೇ ಬಂದಿರಬೇಕು.

ಚೀಟಿಯೋ ಕಿರುಬೆರಳಿನ ಉಗುರಿನಷ್ಟು.
ಊರು, ತಾರೀಕು, ಎತ್ತರ ಬರೆದ ಮೇಲೆ
ನೆಲೆ ಎಂಬಲ್ಲಿ ಅರ್ಧ ಸಾಲು ಉಳಿಯುತ್ತದೆ.
ಉಪ್ಪಾಗೆ ತಿರುಳು, ಎಂದು ಬರೆದೆ.
ಏಳು ಗಂಟೆಯೊಳಗೆ, ಒಲೆಗೆ ಬೆಂಕಿ ಹಾಕುವ ಮುಂಚೆ,
ಆಷಾಢದ ಹದಿನೈದೇ ದಿನ,
ಅದೂ ಹಿಂದಿನ ದಿನದ ರಾಶಿಗೆ ಮಾತ್ರ;
ಇದ್ಯಾವುದೂ ಹಿಡಿಸಲಿಲ್ಲ.
ಹಿಡಿದವರು: ಕೆರಿಯಮ್ಮನ ಲೋಟ, ಎನ್ನಬೇಕಿತ್ತು.
ನನ್ನ ಹೆಸರೇ ಬರೆದೆ.

"ಬರಕೊಂಡಾಯ್ತಾ? ಹಂಗಾರೆ ಅತ್ಲಾಗೆ ಸರೀರಿ,
ಸಿಪ್ಪೆ ತಿರುವಬೇಕು."

ಹಸಿ ಸೌದೆ ಹೊಗೆ ಕಾರಿತು.
ನಾನು ಕೆಮ್ಮುತ್ತ ಹಿಂದೆ ಸರಿದೆ.
ರಾಶಿಯ ಮೇಲಿನ ಹುಳಿಗುಂಗುರುಗಳು
ಒಂದೊಂದೇ ಪಕ್ಕಕ್ಕೆ ಸರಿದು
ತಿರುಳಿನ ಅಡಿಗೆ ಹೋದವು,
ಮಳೆ ಬಂದಾಗ ಜಗಲಿ ಹತ್ತುವವರಂತೆ,
ಏನೂ ಅವಸರವಿಲ್ಲದೆ.